ಬೆಂಚಿಗೂ ಚಾರ್ಜು

"ಕರೆಂಟ್ ರೇಟ್ ಫಿಕ್ಸ್ ಮಾಡಿಬಿಡು ಅಂತ ಮಗನಿಗೆ ಹೇಳು ಬಸಣ್ಣ. ಕಣ್ಣು ಮುಚ್ಚಿ ಎರಡು ವರ್ಷಕ್ಕೆ ಫಿಕ್ಸ್ ಮಾಡಲಿ," ಎಂದ ಕೊಟ್ರಪ್ಪ, ಬಿಸಿ ಮಿರ್ಚಿಯನ್ನು ಊದುತ್ತಾ.

"ಫಿಕ್ಸ್ ಬೇಡ, ಸಗಟು ದರದ ಜೊತೆಗೇ ಏರಿಳಿಯೋ ಟ್ರ್ಯಾಕರ್ ಪ್ಲ್ಯಾನ್ ತಗೊಳ್ಳಲಿ," ಎಂದ ಹಾಲೇಶಿ. ಎಲ್ಲರ ಕೈಯಲ್ಲೂ ಮಂಡಕ್ಕಿ ಇತ್ತು. ಅವನ ಕೈಯಲ್ಲಿ ಮೊಬೈಲ್.

ಬಸಣ್ಣನ ಮಗ ಇರುವುದು ಮ್ಯಾಂಚೆಸ್ಟರಿನಲ್ಲಿ. ಇಂಗ್ಲೆಂಡಿನ ಅಸಲಿ ಮ್ಯಾಂಚೆಸ್ಟರ್. ಅಲ್ಲಿ ಗ್ಯಾಸು, ಕರೆಂಟಿನ ಸಗಟು ದರ ಮತ್ತೆ ಏರುತ್ತಿದೆಯಂತೆ. ಇವತ್ತಿನ ದರಕ್ಕೇ ಒಂದು ವರ್ಷ ಗಟ್ಟಿ ಮಾಡಿಕೊಳ್ಳಲಾ, ಇಲ್ಲಾ ಮೂರು ತಿಂಗಳಿಗೊಮ್ಮೆ ಬದಲಾಗುವ ದರದಲ್ಲೇ ಇರಲಾ ಎಂದು ಅಪ್ಪನನ್ನು ಕೇಳಿದ್ದ. ಬಸಣ್ಣ "ಸಂಜೆ ಹೇಳ್ತೀನಿ ಇರು" ಎಂದು ಸೀದಾ ಗಂಗಣ್ಣನ ಮಿರ್ಚಿ ಅಂಗಡಿಗೆ ಬಂದಿದ್ದ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿಟ್ಟುಕೊಂಡು ಕೂತಿರುವ ದಾವಣಗೆರೆಯವರು ಇಂಥ ಹೊತ್ತಲ್ಲಿ ಸಲಹೆ ಕೊಡದಿದ್ದರೆ ಇನ್ಯಾರು ಕೊಡಬೇಕು? ನಮ್ಮ ಮಿಲ್ಲುಗಳೂ ಬಾಗಿಲು ಹಾಕಿದವು, ಅವರ ಮಿಲ್ಲುಗಳೂ ಹಾಕಿದವು. ಬೀಗರಾಗಲು ಅಷ್ಟು ಸಾಕು.

"ಮೊದಲು ಒಂದು ವಿಷ್ಯ ಹೇಳ್ರಪ್ಪ," ಎಂದ ಸಿದ್ದಣ್ಣ. "ಅಲ್ಲಿ ಒಂದು ಕರೆಂಟ್ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಹೊಸ ತಂತಿ ಎಳೀತಾರಾ?"

"ಇಲ್ಲ, ಅದೇ ತಂತಿ," ಎಂದ ಹಾಲೇಶಿ.

"ಮೀಟರು?"

"ಅದೂ ಅದೇ."

"ಕರೆಂಟು?"

"ಎಲ್ಲಾ ಒಂದೇ ಗ್ರಿಡ್ಡಿಂದ ಬರೋದು ಸಿದ್ದಣ್ಣ."

"ಹಂಗಾದ್ರೆ ಕಂಪನಿ ಮಾಡೋದೇನು?"

ಹಾಲೇಶಿ ಯೋಚಿಸಿದ. "ಬಿಲ್ ಕಳಿಸುತ್ತೆ."

"ಕೇಳಿಸ್ಕೊಂಡ್ಯಾ ಗಂಗಣ್ಣ? ಒಂದೇ ಬಾಣಲೆ, ಒಂದೇ ಹಿಟ್ಟು, ಒಂದೇ ಎಣ್ಣೆ. ಮುಂದೆ ಮಾತ್ರ ಹತ್ತು ಗಲ್ಲಾ ಇಡು. ಯಾವ ಗಲ್ಲಾದಲ್ಲಿ ದುಡ್ಡು ಕೊಟ್ರೆ ಲಾಭ ಅಂತ ಊರೆಲ್ಲಾ ಲೆಕ್ಕ ಹಾಕ್ತಾ ಕೂರಲಿ. ಮಿರ್ಚಿ ಆರಿಹೋಗಲಿ."

ಕೊಟ್ರಪ್ಪನಿಗೆ ಇದು ಹಿಡಿಸಲಿಲ್ಲ. ದಲಾಲಿ ಮಂಡಿಯವನು, ನಡುವೆ ನಿಂತು ವ್ಯಾಪಾರ ಮಾಡುವವರನ್ನು ಬೈದರೆ ಅವನಿಗೆ ತಡೆಯದು. "ಸುಮ್ನೆ ಬಿಲ್ ಕಳಿಸಲ್ಲ ಮಾರಾಯಾ. ಸಗಟಿನಲ್ಲಿ ಖರೀದಿ ಮಾಡ್ತಾರೆ. ಬರೋ ಚಳಿಗಾಲದ ಕರೆಂಟಿಗೆ ಇವತ್ತೇ ಕರಾರು ಮಾಡ್ಕೋತಾರೆ. ಅದರ ಮೇಲೆ ಒಂದಿಷ್ಟು ಇಟ್ಟು ನಮಗೆ ಫಿಕ್ಸ್ ರೇಟ್ ಕೊಡ್ತಾರೆ."

"ಸರಿ. ದರ ಏರುತ್ತೆ ಅಂತ ಅವರಿಗೆ ಗೊತ್ತಿಲ್ವಾ?"

"ಗೊತ್ತಿರುತ್ತೆ."

"ಆ ಏರಿಕೆನ ಫಿಕ್ಸ್ ರೇಟಿನೊಳಗೆ ಆಗಲೇ ಸೇರಿಸಿರ್ತಾರಾ, ಇಲ್ವಾ?"

"ಸೇರಿಸಿರ್ತಾರೆ."

"ಅಂದ ಮೇಲೆ ದಿನಾ ಬೆಳಗೆದ್ದು ಅದೇ ಕೆಲಸ ಮಾಡೋ ಅವರಿಗಿಂತ ನಮ್ಮ ಹಾಲೇಶಿಗೆ ಜಾಸ್ತಿ ಗೊತ್ತು ಅಂತಾಯ್ತು."

ಹಾಲೇಶಿ ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡ. "ಅದಕ್ಕೇ ಹೇಳೋದು, ಸ್ಟ್ಯಾಂಡಿಂಗ್ ಚಾರ್ಜೂ ನೋಡಬೇಕು. ಯುನಿಟ್ ದರ ಒಂದೇ ನೋಡಿದ್ರೆ ಮೋಸ ಹೋಗ್ತೀವಿ. ದಿನಕ್ಕೆ ಇಷ್ಟು ಪೆನ್ಸ್ ಅಂತ ಇರುತ್ತೆ, ಉರಿಸಲಿ ಬಿಡಲಿ."

ಬಾಣಲೆ ಹಿಂದಿದ್ದ ಗಂಗಣ್ಣ ತಲೆ ಎತ್ತಿದ. "ಅಂದ್ರೆ ಮಿರ್ಚಿ ತಿನ್ನದಿದ್ರೂ ಬೆಂಚಿಗೆ ದುಡ್ಡು?" ಅವನ ಕಣ್ಣು ಹಾಲೇಶಿಯ ಮೇಲೇ ಇತ್ತು. ಹಾಲೇಶಿ ತಕ್ಷಣ ಒಂದು ಪ್ಲೇಟ್ ನರ್ಗೀಸ್ ಮಂಡಕ್ಕಿ ಹೇಳಿದ.

"ನಮ್ಮ ಬಿಲ್ಲಲ್ಲೂ ಅದು ಇದೆ ಗಂಗಣ್ಣ. ನಿಗದಿತ ಶುಲ್ಕ ಅಂತ, ಕಿಲೋವ್ಯಾಟಿಗೆ ಇಷ್ಟು. ನಾವು ಓದಲ್ಲ ಅಷ್ಟೆ," ಎಂದ ಸಿದ್ದಣ್ಣ.

"ಏನೇ ಇರಲಿ, ಅಲ್ಲಿ ಸರ್ಕಾರ ಮಿತಿ ಹಾಕಿದೆಯಂತಲ್ಲ. ಅದಕ್ಕಿಂತ ಜಾಸ್ತಿ ಬಿಲ್ ಬರಲ್ಲ, ಅಲ್ವಾ?" ಬಸಣ್ಣ ಆಸೆಯಿಂದ ಕೇಳಿದ.

ಮಿತಿ ಇರುವುದು ನಿಜ. ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ 2019ರ ಜನವರಿಯಿಂದ ಜಾರಿಗೆ ತಂದದ್ದು. ಪೇಪರಿನಲ್ಲಿ ವರ್ಷಕ್ಕೆ ಇಷ್ಟು ಪೌಂಡ್ ಎಂದು ದೊಡ್ಡದಾಗಿ ಬರುತ್ತದೆ. ಆದರೆ ಅದು ಸಾಮಾನ್ಯ ಬಳಕೆಯ ಒಂದು ಮನೆಯ ಲೆಕ್ಕ. ಮಿತಿ ಇರುವುದು ಯುನಿಟ್ ದರಕ್ಕೆ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜಿಗೆ.

"ಮಿರ್ಚಿಗೆ ಇಷ್ಟೇ ತಗೋಬೇಕು ಅಂತ ಗಂಗಣ್ಣನಿಗೆ ಹೇಳಿದಾರೆ. ನೀನೆಷ್ಟು ತಿಂತೀಯ ಅಂತ ಯಾರೂ ಹೇಳಿಲ್ಲ," ಎಂದ ಸಿದ್ದಣ್ಣ. "ಫಿಕ್ಸ್ ಮಾಡಿದ್ರೂ ಅಷ್ಟೇ. ಫಿಕ್ಸ್ ಆಗೋದು ರೇಟು, ಬಿಲ್ಲಲ್ಲ. ಇನ್ನು ಆ ಮಿತಿ ಓಡಿದ್ದು ನೋಡು. 2021ರ ಅಕ್ಟೋಬರಿನಲ್ಲಿ 1,277 ಪೌಂಡ್. ಆರೇ ತಿಂಗಳಿಗೆ 1,971. ಮುಂದಿನ ಅಕ್ಟೋಬರಿಗೆ 3,549 ಅಂತ ಹೇಳಿದಾಗ ಸರ್ಕಾರಾನೇ ಹೆದರಿ, ಮೇಲಿಂದು ನಾವು ಕೊಡ್ತೀವಿ, 2,500ಕ್ಕೆ ನಿಲ್ಲಿಸಿ ಅಂತು. ಮಿತಿಗೇ ಇನ್ನೊಂದು ಮಿತಿ."

"ಅದಕ್ಕೇ ಫಿಕ್ಸ್ ಮಾಡು ಅನ್ನೋದು!" ಕೊಟ್ರಪ್ಪ ತೊಡೆ ತಟ್ಟಿದ. "2021ರಲ್ಲಿ ಫಿಕ್ಸ್ ಮಾಡಿದವನು ಗೆದ್ದ."

"ಕಂಪನಿ ಉಳಿದಿದ್ರೆ ಗೆದ್ದ. ಸಗಟು ದರ ಮಿತಿ ದಾಟಿ ಹೋಯ್ತು. ಮೊದಲೇ ಕರಾರು ಮಾಡ್ಕೊಳ್ಳದ ಕಂಪನಿಗಳು ಜಾಸ್ತಿಗೆ ಕೊಂಡು ಕಮ್ಮಿಗೆ ಮಾರಬೇಕಾಯ್ತು. ಮೂವತ್ತರ ಹತ್ತಿರ ಕಂಪನಿ ಬಾಗಿಲು ಹಾಕಿದ್ವು. ಬಲ್ಬ್ ಅಂತಲೇ ಒಂದಿತ್ತು. 2021ರ ನವೆಂಬರಿನಲ್ಲಿ ಆರಿಹೋಯ್ತು."

"ಬಲ್ಬ್?"

"ಬಲ್ಬೇ. ಒಂದು ವರ್ಷ ಸರ್ಕಾರ ಸಾಕ್ತು. ಆಮೇಲೆ ಅದನ್ನ ಆಕ್ಟೋಪಸ್ ನುಂಗ್ತು."

"ಯಪ್ಪಾ! ಏನ್ ಸಿದ್ದಣ್ಣ, ಪುರಾಣ ಹೇಳ್ತಿದೀಯಾ?"

"ಆಕ್ಟೋಪಸ್ಸೂ ಕರೆಂಟ್ ಕಂಪನಿನೇ ಕಣೋ. ಮುಳುಗಿದ ಕಂಪನೀಲಿ ಫಿಕ್ಸ್ ಮಾಡಿದವರನ್ನ ಬೇರೆ ಕಂಪನಿಗೆ ಹಾಕಿದ್ರು. ಕಂಪನೀಲಿ ಉಳಿದಿದ್ದ ಗಿರಾಕಿಗಳ ದುಡ್ಡು ಹೋಗಲಿಲ್ಲ, ಹಳೇ ರೇಟು ಹೋಯ್ತು. ಆ ಮುಳುಗಿದ ಖರ್ಚನ್ನೂ ಎಲ್ಲರ ಬಿಲ್ಲಿಗೇ ಹಂಚಿದ್ರು. ಎಲ್ಲಿ ಸೇರಿಸಿದ್ರು ಗೊತ್ತಾ?"

"ಬೆಂಚಿಗೆ!" ಎಂದ ಗಂಗಣ್ಣ. ಅವನು ಆಗಲೇ ಪಳಗಿಬಿಟ್ಟಿದ್ದ.

ಹಾಲೇಶಿ ಮಾತ್ರ ಬಿಡಲೊಲ್ಲ. ಅವನ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಇತ್ತು. ಅಲ್ಲಿ ಅರ್ಧ ಗಂಟೆಗೊಮ್ಮೆ ದರ ಬದಲಾಗುವ ಪ್ಲ್ಯಾನೂ ಇದೆಯಂತೆ. ಗಾಳಿ ಜೋರಾಗಿ ಬೀಸಿ ಕರೆಂಟು ಹೆಚ್ಚಾದಾಗ ದರ ಸೊನ್ನೆಗಿಂತ ಕೆಳಗೂ ಇಳಿಯುತ್ತದಂತೆ. ಬಳಸಿದವನಿಗೇ ದುಡ್ಡು!

ಕೊಟ್ರಪ್ಪನ ಬಾಯಿಯ ಮಿರ್ಚಿ ಅಲ್ಲೇ ನಿಂತಿತು. "ದುರ್ಗದ ಗುಡ್ಡದ ತುಂಬಾ ಅಷ್ಟೊಂದು ಫ್ಯಾನ್ ತಿರುಗ್ತಾವೆ. ನಮಗೆ ಯಾರೂ ಒಂದು ಪೈಸೆ ಕೊಟ್ಟಿಲ್ವಲ್ಲೋ. ಅಲ್ಲಾ, ಅಷ್ಟು ಗಾಳಿ ಇರೋ ದೇಶದಲ್ಲಿ ಗ್ಯಾಸ್ ದರ ಏರಿದ್ರೆ ಕರೆಂಟ್ ಯಾಕೆ ಏರಬೇಕು?"

"ಗಾಳಿ ಸಾಲದೆ ಬಂದಾಗ ಕೊನೇ ಯುನಿಟ್ಟು ಗ್ಯಾಸ್ ಸ್ಥಾವರದಿಂದ ಬರುತ್ತೆ. ಆ ಹೊತ್ತಿಗೆ ಅದರ ದರವೇ ಎಲ್ಲರ ದರ," ಎಂದು ಸಿದ್ದಣ್ಣ ಒಂದೇ ಮಾತಿನಲ್ಲಿ ಮುಗಿಸಿ ಹಾಲೇಶಿಯ ಕಡೆ ತಿರುಗಿದ. "ದರ ಜಾಸ್ತಿ ಇರೋದು ಯಾವಾಗ?"

"ಸಂಜೆ ನಾಲ್ಕರಿಂದ ಏಳು."

"ಅಡುಗೆ ಮಾಡೋ ಹೊತ್ತು. ಕಮ್ಮಿ?"

"ಹೆಚ್ಚಾಗಿ ರಾತ್ರಿ. ಎಲ್ಲರೂ ಮಲಗಿದ ಮೇಲೆ."

"ರಾತ್ರಿ ಎರಡಕ್ಕೆ ಎದ್ದು ಬಟ್ಟೆ ಒಗೀಲಿ ಅಂತ ಮಗನ್ನ ಇಂಜಿನಿಯರಿಂಗ್ ಓದಿಸಿದ್ಯಾ ಬಸಣ್ಣ?"

ಎಲ್ಲರೂ ನಕ್ಕರು. ಸಿದ್ದಣ್ಣನಿಗೆ ಇನ್ನೂ ತಣಿದಿರಲಿಲ್ಲ. ಈ ಹೋಲಿಸಿ ನೋಡುವ ಚಟವನ್ನು ಕಂಡರೆ ಅವನಿಗೆ ಮೈಯೆಲ್ಲಾ ಉರಿ. "ಹಿಂದೆ ಒಂದು ಸಾಮಾನು ತರಬೇಕಾದ್ರೆ ಅಂಗಡಿಗೆ ಹೋಗ್ತಿದ್ವಿ, ಚೌಕಾಸಿ ಮಾಡ್ತಿದ್ವಿ, ತರ್ತಿದ್ವಿ. ಮೋಸ ಹೋದ್ರೆ ಅಂಗಡಿಯವನನ್ನ ಬೈತಿದ್ವಿ. ಈಗ ಮೋಸ ಹೋದ್ರೆ ನಮ್ಮನ್ನೇ ಬೈಕೋಬೇಕು. ನೀನೇ ತಾನೆ ಆರಿಸಿದ್ದು ಅಂತಾರೆ. ಈ ಹಾಲೇಶಿ ಫ್ರಿಜ್ ಹೋಲಿಸೋಕೆ ಶುರು ಮಾಡಿ ಎಷ್ಟು ಕಾಲ ಆಯ್ತು ಕೇಳು. ಕೊನೆಗೆ ಒಂದನ್ನ ಒಪ್ಪಿದ. ಅಷ್ಟರಲ್ಲಿ ಕಂಪನಿಯವರು ಆ ಮಾಡೆಲ್ ಮಾಡೋದೇ ನಿಲ್ಲಿಸಿದ್ರು. ಇವತ್ತಿಗೂ ಇವನ ಹೆಂಡ್ತಿ ಹಾಲು ಇಡೋದು ಪಕ್ಕದ ಮನೇಲಿ."

"ಮುಂದಿನ ಆಫರಿಗೆ ಕಾಯ್ತಿದೀನಿ," ಎಂದ ಹಾಲೇಶಿ ಗಂಭೀರವಾಗಿ.

"ನಮ್ಮದೇ ಚೆಂದ ಕಣ್ರಪ್ಪ," ಎಂದ ಕೊಟ್ರಪ್ಪ. "ಒಂದೇ ಬೆಸ್ಕಾಂ. ಆರಿಸೋ ಗೋಜಿಲ್ಲ. ಅದರ ಮೇಲೆ ಗೃಹಜ್ಯೋತಿ. ಬಸಣ್ಣಂಗೆ ಸೊನ್ನೆ ಬಿಲ್ಲು."

ಬಸಣ್ಣ ಮಂಡಕ್ಕಿಯೊಳಗಿನ ಶೇಂಗಾ ಹುಡುಕುತ್ತಿದ್ದ. "ಸೊನ್ನೆನೇ. 2022-23ರ ಸರಾಸರಿ ಹಿಡಿದು, ಅದರ ಮೇಲೆ ಒಂದಿಷ್ಟು ಸೇರಿಸಿ ಕೊಟ್ಟಿದಾರೆ. ಆಗ ಮನೇಲಿ ನಾನು, ಇವಳು ಇಬ್ರೇ. ಒಂದು ಫ್ಯಾನು, ಎರಡು ಲೈಟು. ಅದೇ ನಮ್ಮ ಸರಾಸರಿ." ಸ್ವಲ್ಪ ಹೊತ್ತು ಬಿಟ್ಟು ಹೇಳಿದ, "ಹೋದ ಬೇಸಿಗೆಗೆ ಮಗ, ಸೊಸೆ, ಮೊಮ್ಮಕ್ಕಳು ಬಂದಿದ್ರಲ್ಲ. ಕೂಲರ್ ಏನು, ಗೀಸರ್ ಏನು, ಹಗಲು ರಾತ್ರಿ ಟಿವಿ ಏನು. 200 ಯುನಿಟ್ ದಾಟ್ತು. ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕಲ್ಲ. ಫೋನಲ್ಲೇ ಕಟ್ತೀನಿ ಅಂದ ಮಗ. ಬೇಡ ಬಿಡು ಅಂತ ನಾನೇ ಕೌಂಟರಿಗೆ ಹೋದೆ. ಸಾಲಲ್ಲಿ ಎಲ್ಲರೂ ಬಿಲ್ ಜಾಸ್ತಿ ಬಂತು ಅಂತ ಬೈತಾ ನಿಂತಿದ್ರು. ನಮ್ಮನೇಲಿ ಮೊಮ್ಮಕ್ಕಳು ಬಂದಿದಾರೆ, ಅದಕ್ಕೇ ನಂದೂ ಜಾಸ್ತಿ ಅಂತ ನಾನೂ ಹೇಳಿದೆ."

ಗಂಗಣ್ಣ ಕೇಳದೆಯೇ ಅವನ ತಟ್ಟೆಗೆ ಒಂದು ಮಿರ್ಚಿ ಹಾಕಿದ.

"ಅಲ್ಲಿ ಮನೆಯೊಳಗೇ ಸ್ವೆಟರ್ ಹಾಕ್ಕೊಂಡು ಕೂರ್ತಾರಂತೆ. ಹೀಟರಿಗೆ ಗ್ಯಾಸ್ ಸುಡುತ್ತಲ್ಲ," ಎಂದ ಬಸಣ್ಣ. "ಅದಕ್ಕೇ ಸರಿಯಾಗಿ ನೋಡಿ ಹೇಳ್ರಪ್ಪ."

ಎಲ್ಲರೂ ಸರಿಯಾಗಿ ನೋಡಿದರು. ಫಿಕ್ಸ್ ದರ ಈಗಿನ ಮಿತಿಗಿಂತ ಕಮ್ಮಿ ಇದ್ದು, ನಡುವೆ ಬಿಟ್ಟರೆ ದಂಡ ಜಾಸ್ತಿ ಇಲ್ಲದಿದ್ದರೆ ಒಂದು ವರ್ಷಕ್ಕೆ ಮಾಡಲಿ ಎಂದು ಸಿದ್ದಣ್ಣನೂ ಒಪ್ಪಿದ. "ಲಾಭಕ್ಕಲ್ಲ. ಒಂದು ವರ್ಷ ಆ ಸುದ್ದಿ ಓದೋದು ತಪ್ಪುತ್ತೆ."

ಬಸಣ್ಣ ಫೋನ್ ಹಚ್ಚಿ ಸ್ಪೀಕರ್ ಹಾಕಿದ. ದಾವಣಗೆರೆಯ ತೀರ್ಮಾನವನ್ನು ಮ್ಯಾಂಚೆಸ್ಟರ್ ಸಮಾಧಾನದಿಂದ ಕೇಳಿತು. ಆಮೇಲೆ ಹೇಳಿತು: "ಅಪ್ಪಾಜಿ, ಅದು ನಿನ್ನೆ ರಾತ್ರಿನೇ ಆಯ್ತು. ಇವಳೇ ಫಿಕ್ಸ್ ಮಾಡಿದ್ಲು."

"14 ದಿನದೊಳಗೆ ಬಿಡಬಹುದು! ದಂಡ ಇಲ್ಲ! ಇನ್ನೂ ಚಾನ್ಸ್ ಇದೆ!" ಹಾಲೇಶಿ ಕೂಗಿದ. ಕೊಟ್ರಪ್ಪ ಅವನ ಬಾಯಿ ಮುಚ್ಚಿದ.

ಅಪ್ಪ ಮಗ ಮತ್ತೂ ಸುಮಾರು ಹೊತ್ತು ಮಾತಾಡಿದರು. ಫೋನ್ ಇಟ್ಟ ಮೇಲೆ ಕೊಟ್ರಪ್ಪನಿಗೆ ಸಿಟ್ಟು. "ನಿನ್ನೆನೇ ಮಾಡಿದ್ದ ಮೇಲೆ ಇವತ್ತು ನಿನ್ನ ಯಾಕೆ ಕೇಳಿದ?"

"ಇನ್ನೇನು ಕೇಳಬೇಕು?" ಎಂದ ಸಿದ್ದಣ್ಣ. "ಊಟ ಆಯ್ತಾ ಅಂದ್ರೆ ಇವನು ಆಯ್ತು ಅಂತ ಫೋನ್ ಇಟ್ಟುಬಿಡ್ತಾನೆ."

ಬಸಣ್ಣ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಮುಖ ಅರಳಿತ್ತು. "ಬರೋ ವಾರ ಕಾರಿನ ಇನ್ಶೂರೆನ್ಸ್ ಕೇಳ್ತಾನಂತೆ. ಅಲ್ಲಿ ಎಪ್ಪತ್ತು ತರದ್ದು ಇದಾವಂತೆ."

ಹಾಲೇಶಿ ಆಗಲೇ ಟೈಪ್ ಮಾಡತೊಡಗಿದ್ದ.