ಬ್ರಷ್ ಕಂಡರೆ ಓಡುವ ಮಗ, ಕಂದು ಕಲೆಯ ಹಲ್ಲಿನ ಮಗಳು: ಏನು ಮಾಡಬೇಕು?

ಪ್ರಶ್ನೆ: ಗೃಹಿಣಿ, ಕುಷ್ಟಗಿ ತಾಲ್ಲೂಕು

ನಮ್ಮ ಮಗನಿಗೆ ಐದು ವರ್ಷ. ಬೆಳಿಗ್ಗೆ ಬ್ರಷ್ ಕಂಡರೆ ಸಾಕು, ಬಾಯಿ ಬಿಗಿದುಕೊಂಡು ಹಿತ್ತಿಲಿಗೆ ಓಡುತ್ತಾನೆ. ರಾತ್ರಿಯಂತೂ ಆ ಮಾತನ್ನೇ ಎತ್ತುವಂತಿಲ್ಲ. ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗುವವು, ಕೂಸನ್ನು ಯಾಕೆ ಅಳಿಸುತ್ತೀ ಎಂದು ಅತ್ತೆಯವರು ಕೇಳುತ್ತಾರೆ. ಇನ್ನು ಒಂಬತ್ತು ವರ್ಷದ ಮಗಳಿಗೆ ಮುಂದಿನ ಹೊಸ ಹಲ್ಲುಗಳು ಹುಟ್ಟಿದಾಗಿನಿಂದಲೇ ಕಂದು ಗೆರೆಗಳಿವೆ. ಸರಿಯಾಗಿ ಉಜ್ಜುವುದಿಲ್ಲವೆಂದು ನಾನೇ ಎಷ್ಟೋ ಸಲ ಗದರಿ, ಇದ್ದಿಲ ಪುಡಿಗೆ ಉಪ್ಪು ಬೆರೆಸಿ ತಿಕ್ಕಿಸಿದ್ದೇನೆ. ಒಸಡಿನಲ್ಲಿ ರಕ್ತ ಬಂದದ್ದುಂಟು, ಕಲೆ ಮಾತ್ರ ಹೋಗಲಿಲ್ಲ. ಇಬ್ಬರಿಗೂ ಒಳ್ಳೆಯ ರೂಢಿ ಹೇಗೆ ಹಾಕಬೇಕೆಂದು ತಿಳಿದವರು ಹೇಳಬೇಕೆಂದು ವಿನಂತಿ.

ಉತ್ತರ 1: ದಂತವೈದ್ಯೆ, ಬಳ್ಳಾರಿ

ಮೊದಲು ಮಗಳ ವಿಷಯ ಹೇಳುತ್ತೇನೆ, ಏಕೆಂದರೆ ಮಗನ ಹೆದರಿಕೆಯ ಬೇರು ಅಲ್ಲಿಯೇ ಇರುವಂತೆ ನನಗೆ ಕಾಣುತ್ತದೆ. ಹೊಸ ಹಲ್ಲು ಹುಟ್ಟುವಾಗಲೇ ಇರುವ ಇಂಥ ಗೆರೆಗಳು ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಬಹುಮಟ್ಟಿಗೆ ಕೊಳವೆಬಾವಿಯ ನೀರಿನಲ್ಲಿರುವ ಫ್ಲೋರೈಡಿನಿಂದ ಬಂದವು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ದವಡೆಯೊಳಗೆ ಹಲ್ಲಿನ ಎನಾಮೆಲ್ (ಹೊರಗಿನ ಗಟ್ಟಿ ಪದರ) ರೂಪುಗೊಳ್ಳುತ್ತಿರುವಾಗ, ಅಂದರೆ ಸುಮಾರು ಎಂಟು ವರ್ಷದೊಳಗೆ, ಅದಕ್ಕಿಂತ ಹೆಚ್ಚು ಫ್ಲೋರೈಡ್ ದೇಹಕ್ಕೆ ಸೇರುತ್ತಿದ್ದರೆ ಕಲೆ ಒಳಗಿನಿಂದಲೇ ಮೂಡುತ್ತದೆ. ಅದನ್ನು ಇದ್ದಿಲಿನಿಂದ ತಿಕ್ಕಿದರೆ ಸವೆಯುವುದು ಎನಾಮೆಲ್, ಕಲೆಯಲ್ಲ. ಮಗಳದು ಸೋಮಾರಿತನವಲ್ಲವೆಂದು ಅವಳಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಅಕ್ಕ ಪ್ರತಿದಿನ ಬೈಸಿಕೊಂಡು ರಕ್ತ ಉಗುಳುವುದನ್ನು ನೋಡಿದ ತಮ್ಮ ಬ್ರಷ್ ಕಂಡು ಓಡಿದರೆ ಆಶ್ಚರ್ಯವೇನು?

ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ನಿಮ್ಮ ಕೊಳವೆಬಾವಿಯ ಪರೀಕ್ಷಾ ವರದಿಯನ್ನು ಕೇಳಿ, ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರನ್ನೇ ತನ್ನಿರಿ. ಮಗನ ಹಿಂದಿನ ಕಾಯಂ ಹಲ್ಲುಗಳು ಇನ್ನೂ ರೂಪುಗೊಳ್ಳುತ್ತಿರುವುದರಿಂದ ಅವನಿಗೆ ಇದರಿಂದ ಈಗಲೂ ಪ್ರಯೋಜನವಿದೆ.

ಅತ್ತೆಯವರ ಮಾತು ಅರ್ಧ ನಿಜ. ಮುಂದಿನ ಹಾಲುಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ಆದರೆ ಹಿಂದಿನ ದವಡೆಯ ಹಾಲುಹಲ್ಲುಗಳು ಹತ್ತರಿಂದ ಹನ್ನೆರಡು ವರ್ಷದವರೆಗೂ ಮಗು ಉಣ್ಣಲು ಬೇಕು. ಅದಕ್ಕಿಂತ ಮುಖ್ಯವಾದ ಮೋಸ ಇನ್ನೊಂದಿದೆ: ಆರನೆಯ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಎಲ್ಲಕ್ಕಿಂತ ಹಿಂದೆ ಸದ್ದಿಲ್ಲದೆ ಕಾಯಂ ದವಡೆಹಲ್ಲು ಹುಟ್ಟುತ್ತದೆ. ಮನೆಯವರು ಅದನ್ನೂ ಹಾಲುಹಲ್ಲೆಂದು ತಿಳಿದು ಹುಳುಕಾಗಲು ಬಿಡುತ್ತಾರೆ. ನಿಮ್ಮ ಮಗನಿಗೆ ಅದು ಇನ್ನೊಂದು ವರ್ಷದಲ್ಲಿ ಬರಬಹುದು.

ಪೇಸ್ಟ್ ಬಟಾಣಿ ಕಾಳಿನಷ್ಟು ಸಾಕು. ಮೂರು ವರ್ಷದೊಳಗಿನ ಮಗುವಿಗಾದರೆ ಅಕ್ಕಿಕಾಳಿನಷ್ಟು. ನುಂಗದೆ ಉಗುಳುವಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಿ. ನಿಮ್ಮ ನೀರಿನ ವರದಿಯನ್ನು ದಂತವೈದ್ಯರಿಗೆ ತೋರಿಸಿದರೆ ಯಾವ ಪೇಸ್ಟ್ ಎಂಬುದನ್ನು ಅವರು ಹೇಳುತ್ತಾರೆ. ಏಳೆಂಟು ವರ್ಷದವರೆಗೆ ಮಗುವಿನ ಕೈಗೆ ಸರಿಯಾಗಿ ಉಜ್ಜುವ ಹದ ಬರುವುದಿಲ್ಲವಾದ್ದರಿಂದ, ರಾತ್ರಿ ಊಟವಾದ ಮೇಲೆ ಅವನ ತಲೆಯನ್ನು ನಿಮ್ಮ ತೊಡೆಯ ಮೇಲೆ ಇರಿಸಿಕೊಂಡು ನೀವೇ ಎರಡು ನಿಮಿಷ ಉಜ್ಜಿರಿ. ಎರಡು ಹೊತ್ತಿನಲ್ಲಿ ಒಂದನ್ನೇ ಗಟ್ಟಿಮಾಡುವುದಾದರೆ ಮೊದಲು ರಾತ್ರಿಯದನ್ನು ಗಟ್ಟಿಮಾಡಿ.

ಉತ್ತರ 2: ನಿವೃತ್ತ ರೈತ, ಗಂಗಾವತಿ

ನಾವು ಬೇವಿನ ಕಡ್ಡಿಯಲ್ಲಿಯೇ ಉಜ್ಜಿ ಎಪ್ಪತ್ತು ದಾಟಿದ್ದೇವೆ, ಇಂದಿಗೂ ಕಬ್ಬು ಸಿಗಿದು ತಿನ್ನುತ್ತೇನೆ. ಪೇಸ್ಟಿನ ಗೊಡವೆ ಏಕೆ ಎಂಬುದು ನನ್ನ ಪ್ರಶ್ನೆ.

ಉತ್ತರ 3: ಪ್ರಾಥಮಿಕ ಶಾಲೆಯ ಶಿಕ್ಷಕ, ಲಿಂಗಸುಗೂರು ತಾಲ್ಲೂಕು

ಹಿರಿಯರೇ, ತಮ್ಮ ಕಾಲದಲ್ಲಿ ಮಕ್ಕಳ ಕೈಗೆ ದಿನಕ್ಕೆ ನಾಲ್ಕು ಸಲ ಬಿಸ್ಕತ್ತು, ಚಾಕಲೇಟು ಸಿಗುತ್ತಿರಲಿಲ್ಲ. ಸಿಹಿಯ ಪ್ರಮಾಣಕ್ಕಿಂತ ಅದನ್ನು ಎಷ್ಟು ಸಲ ತಿನ್ನುತ್ತಾರೆ ಎಂಬುದು ಹಲ್ಲಿಗೆ ಹೆಚ್ಚು ಕೇಡು, ಏಕೆಂದರೆ ಪ್ರತಿ ಸಲವೂ ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯಿಂದ ಆಮ್ಲ ತಯಾರಿಸುತ್ತವೆ. ಬೆಂಡು-ಬತ್ತಾಸನ್ನು ಜಾತ್ರೆಯ ದಿನ ಹೊಟ್ಟೆತುಂಬ ತಿಂದು ಮುಗಿಸಲಿ, ಉಳಿದದ್ದನ್ನು ವಾರವಿಡೀ ಜೇಬಿನಲ್ಲಿ ಇಟ್ಟುಕೊಂಡು ಚೀಪುವುದು ಬೇಡ.

ಅಕ್ಕನವರೇ, ಮಕ್ಕಳು ಹೇಳಿದ್ದನ್ನು ಮಾಡುವುದಿಲ್ಲ, ಕಂಡದ್ದನ್ನು ಮಾಡುತ್ತಾರೆ. ಸುಟ್ಟ ತಂಬಾಕಿನ ಪುಡಿಯಿಂದ ಅಜ್ಜಿ ಹಲ್ಲುಜ್ಜುವ ಮನೆಯಲ್ಲಿ ಮೊಮ್ಮಗಳ ಕೈಯೂ ಅದೇ ಡಬ್ಬಿಗೆ ಹೋದದ್ದನ್ನು ನಾನು ನೋಡಿದ್ದೇನೆ. ನಮ್ಮ ಶಾಲೆಯಲ್ಲಿ ಬಿಸಿಯೂಟವಾದ ಮೇಲೆ ಶಿಕ್ಷಕರೂ ಮಕ್ಕಳ ಸಾಲಿನಲ್ಲಿ ನಿಂತು ಬಾಯಿ ಮುಕ್ಕಳಿಸಲು ತೊಡಗಿದ ಮೇಲೆ ಯಾರಿಗೂ ಹೇಳುವ ಪ್ರಸಂಗ ಬರಲಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ, ಶಾಲೆಗೆ ಬಂದಾಗ ಇಬ್ಬರ ಹಲ್ಲುಗಳನ್ನೂ ತಪ್ಪದೆ ತೋರಿಸಿ.

ಉತ್ತರ 4: ದಂತವೈದ್ಯೆ, ಬಳ್ಳಾರಿ

ಹಿರಿಯರು ಬೇವಿನ ಕಡ್ಡಿಯನ್ನು ಬಿಡಬೇಕಾಗಿಲ್ಲ. ಐದು ವರ್ಷದ ಮಗುವಿನ ಪುಟ್ಟ ಬಾಯಿಯಲ್ಲಿ ಅದು ಹಿಂದಿನ ದವಡೆಯನ್ನು ಮುಟ್ಟುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಪ್ರಶ್ನೆ ಕೇಳಿದವರು, ಹದಿನೈದು ದಿನಗಳ ನಂತರ

ಎಲ್ಲರಿಗೂ ಧನ್ಯವಾದಗಳು. ನಮ್ಮ ಕೊಳವೆಬಾವಿಯ ನೀರು ಮಿತಿಗಿಂತ ಮೇಲಿದೆ ಎಂದು ಪಂಚಾಯಿತಿಯ ವರದಿಯಲ್ಲಿದೆ. ಈಗ ಘಟಕದಿಂದ ಕೊಡದಲ್ಲಿ ನೀರು ತರುತ್ತಿದ್ದೇವೆ. ರಾತ್ರಿ ನಾವು ನಾಲ್ವರೂ ಬಚ್ಚಲಿನ ಮುಂದೆ ನಿಂತು ಹಲ್ಲುಜ್ಜುತ್ತೇವೆ. ಮಗ ಮೊದಲ ನಾಲ್ಕು ದಿನ ದೂರ ನಿಂತು ನೋಡಿದ, ಐದನೆಯ ದಿನ ತನ್ನ ಬ್ರಷ್ ಎಲ್ಲಿದೆಯೆಂದು ಕೇಳಿದ. ಕೆಲವು ರಾತ್ರಿ ಇನ್ನೂ ಹಟ ಮಾಡುತ್ತಾನೆ. ಕಲೆ ನೀರಿನಿಂದ ಬಂದದ್ದೆಂದು ಮಗಳಿಗೆ ಹೇಳಿದೆ. "ಹಾಗಾದರೆ ಇಷ್ಟು ದಿನ ನನ್ನನ್ನು ಬೈದದ್ದು?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇದ್ದಿಲ ಡಬ್ಬಿಯನ್ನು ಅವಳ ಎದುರಿಗೇ ತಿಪ್ಪೆಗೆ ಸುರಿದು ಬಂದೆ.