ಸಹಾಯ ಬೇಕು: ಕನ್ನಡ ಎಸ್ಸೆಮ್ಮೆಸ್ ಡಿಎಲ್‌ಟಿಯಲ್ಲಿ ತಡೆಯಾಗುತ್ತಿದೆ

ಪುಣೆಯ ಕನ್ನಡಿಗರಿಗೆ ನಮಸ್ಕಾರ. ಕೋಥ್ರೂಡ್‌ನಲ್ಲಿ ನಾವು ಮೂವರು ಸಣ್ಣ ಸಂವಹನ ಸಂಸ್ಥೆ ಕಟ್ಟುತ್ತಿದ್ದೇವೆ. ವಾರ್ಡ್ ಸಭೆ, ನೀರು ನಿಲುಗಡೆ, ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನ ಇಂಥ ಮಾಹಿತಿಯನ್ನು ಹೆಸರು ಕೊಟ್ಟ ನಿವಾಸಿಗಳಿಗೆ ಮರಾಠಿ, ಕನ್ನಡ ಎರಡರಲ್ಲೂ ಕಳಿಸಬೇಕು.

ಸಂಸ್ಥೆಗಳು ಎಸ್ಸೆಮ್ಮೆಸ್ ಕಳಿಸುವ ಮೊದಲು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ದಾಖಲಾಗಬೇಕು. ಅಲ್ಲಿ ನಮ್ಮ ನೋಂದಣಿ, ಹೆಡರ್ (ಕಳಿಸುವವರ ಗುರುತು), ಟೆಂಪ್ಲೇಟ್ (ಸಂದೇಶದ ನಮೂನೆ) ಎಲ್ಲಕ್ಕೂ ಒಪ್ಪಿಗೆ ಸಿಕ್ಕಿದೆ. ಆದರೂ ಕಳಿಸುವಾಗ ಕನ್ನಡದ್ದು ಮಾತ್ರ 'ಟೆಂಪ್ಲೇಟ್ ಹೊಂದಿಕೆಯಾಗಿಲ್ಲ' ಎಂದು ಬೀಳುತ್ತಿದೆ. ನಮ್ಮ ಅನುಮಾನ ಕಣ್ಣಿಗೆ ಕಾಣದ ಅಕ್ಷರಗಳ ಮೇಲೆ. 'ವಾರ್ಡ್‌ನ' ಎಂದು ಬರೆದಾಗ ನಡುವೆ ಶೂನ್ಯ ಅಗಲದ ಚಿಹ್ನೆ (ಯು+200ಸಿ) ಕೂರುತ್ತದೆ. ನಕಲು ಮಾಡಿ ಅಂಟಿಸುವಾಗ ಕೆಲವೆಡೆ ಅದು ಉದುರಿಹೋಗುತ್ತದೆ. 'ಕೊ' ಕೂಡ ಎರಡು ರೀತಿಯ ಸಂಕೇತಗಳಲ್ಲಿ ಬರಬಹುದು, ತೆರೆಯ ಮೇಲೆ ಒಂದೇ ಥರ ಕಾಣುತ್ತದೆ. ಸದ್ಯಕ್ಕೆ 'ವಾರ್ಡಿನ' ಎಂದು ತಿದ್ದಿ ನೋಡುತ್ತಿದ್ದೇವೆ, ಹೆಸರುಗಳಲ್ಲಿ ಅದು ಸಾಧ್ಯವಿಲ್ಲ.

ಉದ್ದವೂ ತೊಡಕು. ಯುನಿಕೋಡ್‌ನಲ್ಲಿ ಒಂದು ಸಂದೇಶಕ್ಕೆ 70 ಸಂಕೇತ, ಮೀರಿದರೆ ಪ್ರತಿ ತುಂಡಿಗೆ 67. 'ರ್ಡ್' ಒಂದೇ ನಾಲ್ಕನ್ನು ನುಂಗುತ್ತದೆ, ಖರ್ಚು ದುಪ್ಪಟ್ಟಾಗುತ್ತದೆ.

ಬೇಕಾಗಿರುವುದು: ಕನ್ನಡ ಟೆಂಪ್ಲೇಟ್ ನಿಜವಾಗಿ ಓಡಿಸಿದವರ ಸಲಹೆ, ಯಾವ ಕೀಲಿಮಣೆ, ಕಳಿಸುವ ಮೊದಲು ಪಠ್ಯವನ್ನು ಹೇಗೆ ಶುದ್ಧ ಮಾಡಿದಿರಿ. ಜೊತೆಗೆ ಎರಡೂ ಭಾಷೆ ಬಲ್ಲ, ಸರ್ಕಾರಿ ಪ್ರಕಟಣೆಯನ್ನು ಚಿಕ್ಕದಾಗಿ ಬರೆಯಬಲ್ಲವರು ಒಬ್ಬರು. ಸಂಭಾವನೆ ಖಂಡಿತ ಇದೆ. ಇಲ್ಲೇ ಉತ್ತರಿಸಿ, ಇತರರಿಗೂ ಸಿಗಲಿ.