ಸಹಾಯ ಬೇಕು: ಕಾರು ತಗ್ಗಿಸಿದ ಮೇಲೆ ಟೈರ್ ಒಳಗಡೆ ಮಾತ್ರ ಸವೆಯುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಕ್ಯಾತ್ಸಂದ್ರದವನು. ನಾಲ್ಕು ತಿಂಗಳ ಹಿಂದೆ ನನ್ನ ಹಳೇ ಸ್ವಿಫ್ಟ್‌ಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ 35 ಎಂಎಂ ತಗ್ಗಿಸಿದೆ. ನೋಡೋಕೆ ಚೆನ್ನಾಗಿದೆ, ಹಂಪ್ ಬಂದಾಗ ಮಾತ್ರ ದೇವರೇ ಗತಿ!

ಅಲೈನ್‌ಮೆಂಟ್ ಮಾಡಿಸದೆ ಸುಮ್ನೆ ಓಡಿಸಿದ್ದು ನನ್ನದೇ ತಪ್ಪು. ಈಗ ಮುಂದಿನ ಎರಡೂ ಟೈರ್‌ಗಳ ಒಳಅಂಚು ಬೋಳಾಗಿದೆ, ಹೊರಗಡೆ ಹೊಸದರ ಹಾಗೇ ಇದೆ. ನಿನ್ನೆ ಒಂದು ಅಂಗಡಿಯಲ್ಲಿ ಟೋ (ಮೇಲಿಂದ ನೋಡಿದರೆ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸರಿಮಾಡಿಕೊಟ್ಟರು. ಕ್ಯಾಂಬರ್ (ಎದುರಿನಿಂದ ನೋಡಿದರೆ ಚಕ್ರ ವಾಲಿರುವ ಕೋನ) ಮಾತ್ರ ಮೈನಸ್ 1.8 ಡಿಗ್ರಿ ಇದೆ, ಇದರಲ್ಲಿ ಅದಕ್ಕೆ ಅಡ್ಜಸ್ಟ್‌ಮೆಂಟ್ ಇಲ್ಲ ಅಂದರು.

ಗಾಡಿ ತಗ್ಗಿದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲುತ್ತದೆ, ಟೈ ರಾಡ್ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಕೋನ ಬದಲಾಗಿ ಟೋ ಕೂಡ ಕೆಡುತ್ತದೆ, ಅಲ್ವಾ? ಇಷ್ಟು ಬೇಗ ಸವೆಯಲು ಇವೆರಡರಲ್ಲಿ ಯಾವುದು ಕಾರಣ? ಸ್ಟ್ರಟ್‌ಗೆ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಭಾಗ) ಕ್ಯಾಂಬರ್ ಹೊಂದಿಸುವ ಕ್ಯಾಂಬರ್ ಬೋಲ್ಟ್ ಹಾಕಿಸಿದವರು ಯಾರಾದರೂ ಇದ್ದೀರಾ? ತುಮಕೂರಲ್ಲೇ ಆಗುತ್ತಾ, ಬೆಂಗಳೂರಿಗೆ ಹೋಗಬೇಕಾ? ಹೊಸ ಟೈರ್ ಕೊಳ್ಳುವ ಮುಂಚೆ ಹೇಳಿ ಪ್ಲೀಸ್.